ಸಹಾಯ ಬೇಕು: ಮೂರೂವರೆ ಗಂಟೆಯ ಮದುವೆ ವಿಡಿಯೊ, ಎರಡು ಡಿವಿಡಿ

ಅಕ್ಕನ ಮದುವೆಯ ವಿಡಿಯೊ ಮೂರೂವರೆ ಗಂಟೆ ಇದೆ, ಎಂಪೆಗ್-2 (ಡಿವಿಡಿಗಳಲ್ಲಿ ಬಳಸುವ ವಿಡಿಯೊ ಮಾದರಿ) ಕಡತ, 7.6 ಜಿಬಿ. ಡಿವಿಡಿಯ ಮೇಲೆ 4.7 ಎಂದು ಅಚ್ಚಾಗಿದ್ದರೂ ಕಂಪ್ಯೂಟರಿನ ಲೆಕ್ಕದಲ್ಲಿ ಹಿಡಿಸುವುದು 4.37 ಮಾತ್ರ. ಎರಡು ಪದರದ 8.5 ಜಿಬಿ ಡಿಸ್ಕನ್ನೂ ಹಾಕಿ ನೋಡಿದೆ. ಅಮ್ಮನ ಹಳೆಯ ಪ್ಲೇಯರ್ ಗರಗರ ಸದ್ದು ಮಾಡಿ ಉಗುಳಿಬಿಟ್ಟಿತು. ಒಂದೇ ಡಿಸ್ಕಿಗೆ ಕುಗ್ಗಿಸಿದರೆ ರೇಷ್ಮೆ ಸೀರೆಯ ಜರಿಯೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ.

ಕೊನೆಗೆ ನಾನೇ ಎರಡು ಭಾಗ ಮಾಡಿದೆ. ಗಟ್ಟಿಮೇಳದ ನಡುವೆಯೇ ತುಂಡಾಯಿತು! ಎರಡನೆಯ ಡಿಸ್ಕಿನಲ್ಲಿ ಓಲಗ ಮೊದಲು ಕೇಳಿಸುತ್ತದೆ, ಊದುವವರು ಆಮೇಲೆ ಕಾಣಿಸುತ್ತಾರೆ. ಮರು ಎನ್‌ಕೋಡ್ ಮಾಡದೆ, ಅಂದರೆ ವಿಡಿಯೊವನ್ನು ಮತ್ತೆ ಕುಗ್ಗಿಸದೆ, ಧಾರೆಗೆ ಮುಂಚಿನ ಕೀಫ್ರೇಮ್‌ನಲ್ಲೇ (ಇಡೀ ಚಿತ್ರ ಪೂರ್ತಿಯಾಗಿ ದಾಖಲಾಗಿರುವ ಫ್ರೇಮ್) ಕತ್ತರಿಸುವುದು ಹೇಗೆ? ಉಚಿತ ತಂತ್ರಾಂಶವಿದ್ದರೆ ತಿಳಿಸಿ. ಪೆನ್‌ಡ್ರೈವ್ ಸಲಹೆ ಬೇಡ, ಆ ಪ್ಲೇಯರಿಗೆ ಯುಎಸ್‌ಬಿ ಕಿಂಡಿಯೇ ಇಲ್ಲ.