ಫೋನ್ ಕಿತ್ತುಕೊಂಡು ಹೋದರು, ಎರಡು ಠಾಣೆ ಅಲೆದೆ. ನನ್ನ ಕೈಲಿರುವ ಚೀಟಿ ಎಫ್‌ಐಆರ್ ಹೌದಾ?

ಮಲ್ಲಿಗೆ_22:

ನಮಸ್ಕಾರ. ನಾನಿರುವುದು ಬೆಂಗಳೂರಿನಲ್ಲಿ. ಕಳೆದ ಗುರುವಾರ ರಾತ್ರಿ ಎಂಟೂವರೆಗೆ ಬಸ್ ಇಳಿದು ಮನೆ ಕಡೆ ನಡೆಯುತ್ತಿದ್ದೆ. ಹಿಂದಿನಿಂದ ಬೈಕಿನಲ್ಲಿ ಬಂದ ಇಬ್ಬರು ಕೈಯಲ್ಲಿದ್ದ ಫೋನ್ ಕಿತ್ತುಕೊಂಡು ಹೋದರು. 18,000 ರೂಪಾಯಿಯ ಫೋನ್, ತೆಗೆದುಕೊಂಡು ಆರು ತಿಂಗಳಾಗಿಲ್ಲ. ಅದರಲ್ಲಿ ಅಪ್ಪ ಕಳಿಸಿದ್ದ ವಾಯ್ಸ್ ಮೆಸೇಜುಗಳಿದ್ದವು. ಅಪ್ಪ ಈಗಿಲ್ಲ.

ಹತ್ತಿರದ ಠಾಣೆಗೆ ಹೋದೆ. "ರಸ್ತೆಯ ಈ ಕಡೆ ನಮ್ಮದು, ಆ ಕಡೆ ಪಕ್ಕದ ಠಾಣೆಯದು" ಎಂದು ಕಳಿಸಿದರು. ಅಲ್ಲಿಗೆ ಹೋದರೆ ಎಲ್ಲರೂ ಬಂದೋಬಸ್ತಿಗೆ ಹೋಗಿದ್ದಾರೆ, ಟೇಬಲ್ ಹತ್ತಿರ ಒಬ್ಬರೇ ಇದ್ದರು. "ಫೋನ್ ಕಳೆದುಹೋಗಿದೆ ಅಂತ ಬರೆದುಕೊಡಿ" ಎಂದರು. ಬರೆದುಕೊಟ್ಟೆ. ಸೀಲ್ ಹಾಕಿದ ಒಂದು ಚೀಟಿ ಕೊಟ್ಟರು. ಇದು ಎಫ್‌ಐಆರ್ ಹೌದಾ? ಅಲ್ಲದಿದ್ದರೆ ಯಾರ ಹತ್ತಿರ ಹೋಗಬೇಕು? ಇನ್‌ಫೆಂಟ್ರಿ ರಸ್ತೆಯ ಕಮಿಷನರ್ ಆಫೀಸಿಗೇ ಹೋಗಲಾ?

ಹಳೇ ರೈಟರ್:

ಮಗಳೇ, ನಾನು ಇದೇ ಊರಿನ ಠಾಣೆಗಳಲ್ಲಿ 31 ವರ್ಷ ಕೆಲಸ ಮಾಡಿ ಎಎಸ್‌ಐ (ಸಹಾಯಕ ಸಬ್ ಇನ್‌ಸ್ಪೆಕ್ಟರ್) ಆಗಿ ನಿವೃತ್ತನಾದವನು. ಅದರಲ್ಲಿ 11 ವರ್ಷ ಸ್ಟೇಷನ್ ರೈಟರ್, ಅಂದರೆ ಠಾಣೆಯ ಬರವಣಿಗೆ ಕೆಲಸ. ನಿನ್ನ ಕೈಯಲ್ಲಿರುವಂಥ ಚೀಟಿ ನಾನೇ ಸಾವಿರಾರು ಕೊಟ್ಟಿದ್ದೇನೆ.

ಅದನ್ನು ಹಿಂಬರಹ ಅನ್ನುತ್ತಾರೆ. ಅರ್ಜಿ ಬಂದಿದೆ ಅನ್ನುವುದಕ್ಕೆ ರಸೀದಿ, ಅಷ್ಟೇ. ಎಫ್‌ಐಆರ್ ಆದರೆ ಅದರ ಮೇಲೆ ಅಪರಾಧ ಸಂಖ್ಯೆ ಇರುತ್ತದೆ, ಅದರ ಮುಂದೆ ಇಸವಿ, ಯಾವ ಕಾಯ್ದೆಯ ಯಾವ ಕಲಂ ಎಂದೂ ಇರುತ್ತದೆ. ಒಂದು ಪ್ರತಿ ಕೋರ್ಟಿಗೆ ಹೋಗುತ್ತದೆ. ನಿನ್ನ ಚೀಟಿಯಲ್ಲಿ ಅಪರಾಧ ಸಂಖ್ಯೆ ಇಲ್ಲದಿದ್ದರೆ ಕೇಸೇ ಆಗಿಲ್ಲ ಎಂದು ತಿಳಿ.

ಕಳೆದುಹೋಗಿದೆ ಎಂದು ಬರೆದದ್ದೇ ತಪ್ಪು. ಕಳೆದುಹೋಗುವುದು ಅಪರಾಧವಲ್ಲ, ಹಾಗಾಗಿ ಯಾರೂ ತನಿಖೆ ಮಾಡಬೇಕಾಗಿಲ್ಲ. ಕಿತ್ತುಕೊಂಡು ಹೋಗುವುದು, ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಂ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲು. ಒಂದು ಪದ ಬದಲಾದರೆ ಇಡೀ ಕಾಗದ ಬದಲಾಗುತ್ತದೆ.

ಸರಹದ್ದಿನ ಮಾತು ಹೇಳುತ್ತೇನೆ. ಎರಡು ಠಾಣೆಗಳ ಗಡಿ ಎಷ್ಟೋ ಕಡೆ ರಸ್ತೆಯ ನಡುವೆಯೇ ಹೋಗುತ್ತದೆ. ಆದರೆ ಅದು ನಿನ್ನ ತಲೆನೋವಲ್ಲ. 2024ರ ಜುಲೈ 1ರಿಂದ, ದೂರು, ತನಿಖೆ ಹೇಗೆ ನಡೆಯಬೇಕು ಎಂದು ಹೇಳುವ ಹೊಸ ಕಾಯ್ದೆ, ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 173ನೇ ಕಲಮಿನಲ್ಲಿ, ಘಟನೆ ಎಲ್ಲೇ ನಡೆದಿರಲಿ, ದೂರು ಯಾವ ಠಾಣೆಯಲ್ಲಾದರೂ ಕೊಡಬಹುದು ಎಂದು ಬರೆದೇ ಇದೆ. ಝೀರೋ ಎಫ್‌ಐಆರ್ ಅನ್ನುವುದು ಇದನ್ನೇ. ತೆಗೆದುಕೊಂಡವರು ಆಮೇಲೆ ಸರಿಯಾದ ಠಾಣೆಗೆ ಕಳಿಸಿಕೊಳ್ಳಬೇಕು.

ಕೇಸ್ ಆಗಲೇಬೇಕು ಎಂದು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನಾನು ರೈಟರ್ ಆಗಿದ್ದಾಗ ಹಾಲು ಹಾಕುವ ಒಬ್ಬ ಹಿರಿಯರು ಸೈಕಲ್ ಕಳ್ಳತನವಾಗಿದೆ ಎಂದು ಬಂದರು. ಅವತ್ತು ಹಬ್ಬದ ಬಂದೋಬಸ್ತು. "ಎರಡು ದಿನ ಬಿಟ್ಟು ಬನ್ನಿ" ಎಂದು ಕಳಿಸಿಬಿಟ್ಟೆ. ಅವರು ಬರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಒಬ್ಬ ಸಿಕ್ಕಿಬಿದ್ದ, 14 ಸೈಕಲ್ ಸಿಕ್ಕವು. ಹಿಂದಿನ ಮಡ್‌ಗಾರ್ಡಿನ ಮೇಲೆ ಹಳದಿ ಬಣ್ಣದಲ್ಲಿ ಹಾಲಿನ ಕ್ಯಾನ್ ಚಿತ್ರ ಬರೆದಿದ್ದ ಸೈಕಲ್ಲೂ ಅದರಲ್ಲಿತ್ತು. ಅವರದ್ದೇ ಎಂದು ನೋಡಿದ ತಕ್ಷಣ ಗೊತ್ತಾಯಿತು. ಆದರೆ ದೂರಿಲ್ಲ, ವಿಳಾಸವಿಲ್ಲ. ಎಲ್ಲಿ ಹುಡುಕಲಿ? ಠಾಣೆಯ ಹಿಂದೆ ಮಳೆ ಬಿಸಿಲಿನಲ್ಲಿ ಅದು ತುಕ್ಕು ಹಿಡಿಯುವುದನ್ನು ದಿನಾ ನೋಡುತ್ತಿದ್ದೆ. ಕಳ್ಳರು ಒಂದಲ್ಲ ಒಂದು ದಿನ ಸಿಗುತ್ತಾರೆ, ಫೋನ್‌ಗಳೂ ರಾಶಿ ಸಿಗುತ್ತವೆ. ಅವತ್ತು ನಿನ್ನ ಹೆಸರಿನಲ್ಲಿ ಕೇಸ್ ಇದ್ದರೆ ಮಾತ್ರ ಕೋರ್ಟಿನಿಂದ ಬಿಡಿಸಿಕೊಳ್ಳುವುದು ಸಲೀಸು.

ಈಗ ಯಾರ ಹತ್ತಿರ ಹೋಗಬೇಕು ಅಂದೆಯಲ್ಲ. ಠಾಣೆಯ ಮುಖ್ಯಸ್ಥರು ಇನ್‌ಸ್ಪೆಕ್ಟರ್. ಅವರ ಕೆಳಗೆ ಪಿಎಸ್‌ಐಗಳು (ಸಬ್ ಇನ್‌ಸ್ಪೆಕ್ಟರ್‌ಗಳು), ಸಾಮಾನ್ಯವಾಗಿ ಒಬ್ಬರು ಕಾನೂನು ಸುವ್ಯವಸ್ಥೆ ನೋಡಿದರೆ ಇನ್ನೊಬ್ಬರು ಕ್ರೈಂ. ನಿನಗೆ ಬೇಕಾದವರು ಕ್ರೈಂ ಪಿಎಸ್‌ಐ. ರಾತ್ರಿ ಹೋಗಬೇಡ, ಬೆಳಿಗ್ಗೆ ರೋಲ್ ಕಾಲ್ ಮುಗಿದ ಮೇಲೆ ಹೋಗು. ಆಗ ಅಧಿಕಾರಿಗಳು ಸಿಗುತ್ತಾರೆ. ಆಮೇಲೆ ಒಬ್ಬರು ಕೋರ್ಟಿಗೆ, ಒಬ್ಬರು ಸಮನ್ಸ್ ಜಾರಿಗೆ, ಒಬ್ಬರು ಪಾಸ್‌ಪೋರ್ಟ್ ವಿಚಾರಣೆಗೆ, ಇಬ್ಬರು ಹೊಯ್ಸಳ ಅನ್ನುವ ಗಸ್ತು ಗಾಡಿಗೆ, ಉಳಿದವರು ಗಸ್ತಿಗೆ ಅಂತ ಚದುರಿಹೋಗುತ್ತಾರೆ.

ಇನ್‌ಸ್ಪೆಕ್ಟರ್ ಮೇಲೆ ಎಸಿಪಿ (ಸಹಾಯಕ ಕಮಿಷನರ್), ಅವರ ಕೈಕೆಳಗೆ ಕೆಲವು ಠಾಣೆಗಳು. ಅವರ ಮೇಲೆ ಡಿಸಿಪಿ (ಉಪ ಕಮಿಷನರ್), ಒಂದು ಇಡೀ ವಿಭಾಗಕ್ಕೆ. ಎಲ್ಲರ ಮೇಲೆ ಕಮಿಷನರ್. ಬೆಂಗಳೂರಿಗೆ 1963ರಿಂದ ಕಮಿಷನರ್ ಇದ್ದಾರೆ. ಕಮಿಷನರ್ ಇಲ್ಲದ ಕಡೆ ನಿಷೇಧಾಜ್ಞೆ ಹಾಕುವುದು ಜಿಲ್ಲಾಧಿಕಾರಿ, ಇಲ್ಲಿ ಅದನ್ನೂ ಕಮಿಷನರೇ ಮಾಡುತ್ತಾರೆ. ಸೀದಾ ಅವರ ಆಫೀಸಿಗೆ ಹೋದರೂ ನಿನ್ನ ಅರ್ಜಿ ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ ಇದೇ ಠಾಣೆಗೆ ಬರುತ್ತದೆ. ಅದಕ್ಕೇ ಮೊದಲು ಇಲ್ಲೇ ಕೇಳು. ಸಂಚಾರ ಠಾಣೆಗೆ ಇದರಲ್ಲಿ ಕೆಲಸವಿಲ್ಲ, ಸಿಸಿಬಿಗೂ (ಕೇಂದ್ರ ಅಪರಾಧ ವಿಭಾಗ) ಇಲ್ಲ. ಯುಪಿಐನಿಂದ ದುಡ್ಡು ಹೋಗಿದ್ದರೆ ಮಾತ್ರ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು, ಅದನ್ನು ಸೈಬರ್ ಅಪರಾಧ ಠಾಣೆ ನೋಡುತ್ತದೆ.

ಸಿಮ್ ಬ್ಲಾಕ್ ಮಾಡಿಸಿದೆಯಾ? ಫೋನಿನ ಡಬ್ಬಿ ಇದೆಯಾ? ಅದರ ಮೇಲೆ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಕಳುವಾದ ಫೋನ್ ತಡೆಯುವ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಹಾಕಿ ಫೋನ್ ಬ್ಲಾಕ್ ಮಾಡಿಸು. ಅಲ್ಲಿ ಪೊಲೀಸ್ ದೂರಿನ ಪ್ರತಿ ಕೇಳುತ್ತಾರೆ, ನಿನ್ನ ಚೀಟಿ ಅದಕ್ಕಾದರೂ ಉಪಯೋಗಕ್ಕೆ ಬರುತ್ತದೆ.

ಕರಿಕೋಟು:

ವಕೀಲಿ ಕೆಲಸದಲ್ಲಿದ್ದೇನೆ, ಎರಡು ಮಾತು ಸೇರಿಸುತ್ತೇನೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆ ಇರುವ ಅಪರಾಧಗಳಲ್ಲಿ, ಮೇಲಧಿಕಾರಿಯ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಅವಕಾಶವಿದೆ. ಹಾಗೇನಾದರೂ ಹೇಳಿದರೆ ಯಾವ ದಿನದಿಂದ ಶುರು ಎಂದು ಬರೆಸಿಕೊಳ್ಳಿ. ಎಫ್‌ಐಆರ್ ಆದರೆ ಪ್ರತಿ ಉಚಿತ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ನಿಮಗೆ ತಿಳಿಸಬೇಕು. ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಸ್ಪೀಡ್ ಪೋಸ್ಟಿನಲ್ಲಿ ಡಿಸಿಪಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ. ಕೇವಲ ಕಳವು ಎಂದು ಬರೆಯುವವರು ವಸ್ತುವಿನ ಬೆಲೆಯನ್ನೂ ಬರೆಯಬೇಕು, 5,000ಕ್ಕಿಂತ ಕಡಿಮೆಯ ಕಳವಿನಲ್ಲಿ ಈಗ ಪೊಲೀಸರು ತಾವಾಗಿಯೇ ಕೇಸ್ ಮಾಡುವಂತಿಲ್ಲ. ನಿಮ್ಮದು ಕಿತ್ತುಕೊಂಡದ್ದು, ಆ ತೊಂದರೆ ಇಲ್ಲ.

ಪೇದೆ ಮಗಳು:

ನಮ್ಮಪ್ಪ ಈಗಲೂ ಕಾನ್‌ಸ್ಟೆಬಲ್. ಗಣೇಶ ಹಬ್ಬ ಬಂದರೆ ಮನೆಯಲ್ಲಿ ಅವರ ಊಟದ ತಟ್ಟೆ ಮುಚ್ಚಿಟ್ಟೇ ಇರುತ್ತದೆ. ಟೇಬಲ್ ಹತ್ತಿರ ಒಬ್ಬರೇ ಇದ್ದರು ಎಂದು ಓದಿದಾಗ ಅದು ಅಪ್ಪನೇ ಅನ್ನಿಸಿತು. ನಿಮ್ಮ ದೂರು ತೆಗೆದುಕೊಳ್ಳದೇ ಇದ್ದದ್ದು ತಪ್ಪು, ಅದನ್ನು ಸರಿ ಅನ್ನುವುದಿಲ್ಲ. ಆದರೆ ಮತ್ತೆ ಹೋದಾಗ ಕೂಗಾಡಬೇಡಿ, ಒಂದು ಹಾಳೆಯಲ್ಲಿ ದಿನ, ಸಮಯ, ಜಾಗ, ಬೈಕಿನ ಬಣ್ಣ ಬರೆದುಕೊಂಡು ಹೋಗಿ. ಕೆಲಸ ಬೇಗ ಆಗುತ್ತದೆ. ಇನ್ನೊಂದು, ಅಂಥ ಸಮಯದಲ್ಲಿ ಯಾರದ್ದಾದರೂ ಫೋನ್ ಇಸ್ಕೊಂಡು ಮೊದಲು ತುರ್ತು ಸಂಖ್ಯೆ 112ಕ್ಕೆ ಮಾಡಿ. ಹೊಯ್ಸಳ ಅಲ್ಲಿಗೇ ಬರುತ್ತದೆ, ಕರೆ ಬಂದ ಸಮಯವೂ ದಾಖಲಾಗುತ್ತದೆ.

ಮಲ್ಲಿಗೆ_22:

ಇವತ್ತು ಬೆಳಿಗ್ಗೆ ಹೋಗಿದ್ದೆ. ಹೊಸ ದೂರು ಬರೆದೆ, "ಕಿತ್ತುಕೊಂಡು ಹೋದರು" ಎಂದೇ. ಕ್ರೈಂ ಪಿಎಸ್‌ಐ ಒಬ್ಬರು ಮೇಡಂ, ಕೂರಿಸಿ ಪೂರ್ತಿ ಕೇಳಿದರು. ಅಪರಾಧ ಸಂಖ್ಯೆ ಸಿಕ್ಕಿತು! ಅಪ್ಪನ ಮೆಸೇಜಿನ ವಿಷಯ ಹೇಳುವಾಗ ಅಳು ಬಂತು, ನೀರು ಕೊಟ್ಟರು. ತಿರುವಿನಲ್ಲಿರುವ ಬೇಕರಿಯ ಮುಂದೆ ಕ್ಯಾಮೆರಾ ಇದೆ ಎಂದು ಹೇಳಿದ್ದೇನೆ. ನಾಳಿದ್ದು ಸ್ಥಳ ಮಹಜರಿಗೆ, ಅಂದರೆ ಜಾಗ ನೋಡಿ ಬರೆದುಕೊಳ್ಳುವುದಕ್ಕೆ ಬರುತ್ತಾರಂತೆ. ಅಲ್ಲಿಯವರೆಗೆ ನಾನು ಏನಾದರೂ ಮಾಡಬೇಕಾ?

ಹಳೇ ರೈಟರ್:

ಒಳ್ಳೆಯದಾಯಿತು ಮಗಳೇ. ನಾಳಿದ್ದಿನವರೆಗೆ ಕಾಯಬೇಡ. ಅಂಗಡಿಯ ಕ್ಯಾಮೆರಾಗಳಲ್ಲಿ ಜಾಗ ತುಂಬಿದರೆ ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತದೆ. ಇವತ್ತೇ ಬೇಕರಿಗೆ ಹೋಗಿ, ಗುರುವಾರ ರಾತ್ರಿ ಎಂಟರಿಂದ ಒಂಬತ್ತರವರೆಗಿನದ್ದು ಅಳಿಸದೆ ಇಡಿ ಎಂದು ಕೇಳು. ಹಾಗೆ ಹೇಳಿದ್ದೇನೆ ಎಂದು ಆ ಮೇಡಂಗೂ ತಿಳಿಸು.