ರೈಲು ಮಾದರಿ ತಯಾರಕರಲ್ಲಿ ನಿಮ್ಮ ಬೇಡಿಕೆ ಏನು?

ಡೊಂಬಿವಲಿ ಗಾರ್ಡ್: ಊಟದ ಮೇಜಿನ ಮೇಲೆ ಭೋರ್ ಘಾಟಿನ (ಮುಂಬೈ–ಪುಣೆ ನಡುವಿನ ರೈಲು ಘಾಟಿ) ಮಾದರಿ ಕಟ್ಟುತ್ತಿದ್ದೇನೆ. (ಮನೆಯವರೆಲ್ಲ ಈಗ ನೆಲದ ಮೇಲೆ ಊಟ ಮಾಡುತ್ತಾರೆ, ಆ ಮಾತು ಬೇಡ.) ಹೋದ ವಾರ ಹೊಸ ಎಂಜಿನ್ ಬಂತು. ಪೆಟ್ಟಿಗೆ ತೆರೆದರೆ ಪ್ಯಾಂಟೋಗ್ರಾಫ್ (ಮೇಲಿನ ತಂತಿಯಿಂದ ವಿದ್ಯುತ್ ಪಡೆಯುವ ಚೌಕಟ್ಟು) ಮುರಿದು ಸ್ಪಂಜಿನಲ್ಲಿ ಸಿಕ್ಕಿಕೊಂಡಿತ್ತು. ಬೆಂಕಿಕಡ್ಡಿಗಿಂತ ಸಣ್ಣ ಭಾಗ; ಬಿಡಿಯಾಗಿ ಮಾರುವುದಿಲ್ಲವಂತೆ, ಎಂಜಿನ್ನನ್ನೇ ವಾಪಸು ಕಳಿಸಬೇಕಂತೆ. ನನಗೆ ಮೊದಲು ಬಿಡಿಭಾಗ ಬೇಕು. ನಿಮಗೆ?

ಕೊಥ್ರೂಡ್ ಕ್ಯಾಬಿನ್: ನನ್ನದು ತಿರುವಿನ ತಕರಾರು. ನಿಜವಾದ ಎಲ್‌ಎಚ್‌ಬಿ (ಜರ್ಮನ್ ವಿನ್ಯಾಸದ ಪ್ರಯಾಣಿಕ) ಬೋಗಿ ಸುಮಾರು 23.5 ಮೀಟರ್ ಉದ್ದ. 1:87 ಅಳತೆಯಲ್ಲಿ, ಅಂದರೆ 87 ಪಟ್ಟು ಚಿಕ್ಕದಾಗಿಸಿದರೆ, 27 ಸೆಂ.ಮೀ. ನನ್ನ ಹಳಿಯ ತಿರುವಿನ ತ್ರಿಜ್ಯ 45 ಸೆಂ.ಮೀ. ಅಷ್ಟೇ. ಬೋಗಿಯ ನಡು ಒಳಕ್ಕೆ ಸರಿದು ಸಿಗ್ನಲ್ ಕಂಬವನ್ನು ಉರುಳಿಸುತ್ತದೆ. ಎಷ್ಟು ತ್ರಿಜ್ಯ ಬೇಕೆಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಲಿ, ಸಾಕು.

ಮಡಗಾಂವ್ ಮಳೆ: ಹಳಿಗಳ ಅಗಲದ ಮಾತನ್ನು ಯಾರೂ ಎತ್ತಲಿಲ್ಲವಲ್ಲ! ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು 1:87ಕ್ಕೆ ಇಳಿಸಿದರೆ 19.3 ಮಿ.ಮೀ. ಆಗಬೇಕು. ಅಂಗಡಿಯಲ್ಲಿ ಸಿಗುವುದು 16.5, ಅಂದರೆ 1435 ಮಿ.ಮೀ. ಸ್ಟ್ಯಾಂಡರ್ಡ್ ಗೇಜಿನ ಲೆಕ್ಕ. ಮುಂದಿನಿಂದ ನೋಡಿದರೆ ನಮ್ಮ ಎಂಜಿನ್, ಮಗುವಿನ ಚಪ್ಪಲಿ ಮೆಟ್ಟಿದ ಪೈಲ್ವಾನನಂತೆ ಕಾಣುತ್ತದೆ.

ಡೊಂಬಿವಲಿ ಗಾರ್ಡ್: ಮಡಗಾಂವ್‌ನವರೇ, ಹಳಿ ಅಗಲವಾದರೆ ನನ್ನ ಆರು ಎಂಜಿನ್‌ಗಳೂ ಅಟ್ಟ ಸೇರಬೇಕಾಗುತ್ತದೆ, ದಯವಿಟ್ಟು ಸುಮ್ಮನಿರಿ. ತೂಕದ ವಿಷಯ ಮರೆತಿದ್ದೆ. ಘಾಟಿನ 1:37 ಏರನ್ನು (37 ಮೀಟರಿಗೆ ಒಂದು ಮೀಟರ್) ಮೇಜಿನಲ್ಲೂ ಹಾಗೆಯೇ ಇಟ್ಟಿದ್ದೇನೆ. ಎಂಜಿನ್ ಹಗುರ, ಐದನೇ ಬೋಗಿ ಸೇರಿಸಿದೊಡನೆ ಚಕ್ರ ನಿಂತಲ್ಲೇ ತಿರುಗುತ್ತದೆ. ಘಾಟಿನ ಬುಡದ ಕರ್ಜತ್‌ನಲ್ಲಾದರೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಇದೆ. ಇಲ್ಲಿ ನನ್ನ ತೋರುಬೆರಳು.