ವೈಫೈ ಡಾಂಗಲ್ ಹೆಸರು ಕಾಣುತ್ತದೆ, ವೈಫೈ ಮಾತ್ರ ಇಲ್ಲ

ಪ್ರಶ್ನೆ: ಸರ್, ಲಿನಕ್ಸ್ ಕಂಪ್ಯೂಟರ್‌ಗೆ ಹೊಸ ಯುಎಸ್‌ಬಿ ವೈಫೈ ಡಾಂಗಲ್ ಹಾಕಿದೆ. ‘ಎಲ್‌ಎಸ್‌ಯುಎಸ್‌ಬಿ’ ಕಮಾಂಡ್ ಕೊಟ್ಟರೆ ಹೆಸರು ಬರುತ್ತದೆ, ಆದರೆ ವೈಫೈ ಇಲ್ಲ. ಹಳೆಯ ಡಾಂಗಲ್ ಹಾಕಿದ ತಕ್ಷಣ ಓಡುತ್ತಿತ್ತು. ಯಾವ ಡ್ರೈವರ್ ಬೇಕು ಅಂತ ಸಿಸ್ಟಮ್‌ಗೆ ಹೇಗೆ ಗೊತ್ತಾಗುತ್ತದೆ?

ಉತ್ತರ: ಅಲ್ಲಿ ಹೆಸರು ಬಂದ ಮಾತ್ರಕ್ಕೆ ಡ್ರೈವರ್, ಅಂದರೆ ಡಾಂಗಲ್ ನಡೆಸುವ ಪ್ರೋಗ್ರಾಂ, ಸಿಕ್ಕಿದೆ ಅಂತಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ. ಪೋರ್ಟ್‌ನಲ್ಲಿ ಏನೋ ಇದೆ, ಅದರ ಗುರುತು ಇದು, ಅಷ್ಟೇ ಅದು ಹೇಳುವುದು.

ಡಾಂಗಲ್ ಹಾಕಿದ ಕೂಡಲೇ ಕರ್ನಲ್ (ಸಿಸ್ಟಮ್‌ನ ತಿರುಳು) ಅದರ ಕಂಪನಿ ಸಂಖ್ಯೆ, ಮಾಡೆಲ್ ಸಂಖ್ಯೆ ಓದಿಕೊಳ್ಳುತ್ತದೆ. ತಲಾ 4 ಹೆಕ್ಸ್ ಅಂಕಿ (0ಯಿಂದ 9, ಎಯಿಂದ ಎಫ್). ‘ಐಡಿ’ ಪಕ್ಕದಲ್ಲಿ ನಿಮಗೆ ಕಾಣುವುದು ಅವೇ. ಇವನ್ನೂ ಡಿವೈಸ್ ಎಂಥದ್ದು ಅನ್ನುವುದನ್ನೂ ಪೋಣಿಸಿದ ಒಂದು ಉದ್ದ ಸಾಲಿಗೆ ‘ಮಾಡ್‌ಅಲಿಯಾಸ್’ ಅನ್ನುತ್ತಾರೆ. ಕರ್ನಲ್ ಅದನ್ನು ಡಿವೈಸ್‌ಗಳನ್ನು ನೋಡಿಕೊಳ್ಳುವ ‘ಯೂಡೆವ್’ ಅನ್ನುವ ಪ್ರೋಗ್ರಾಂಗೆ ಕಳಿಸುತ್ತದೆ. ಇತ್ತ ಪ್ರತಿ ಡ್ರೈವರ್ ತನಗೆ ಸೇರಿದ ಸಂಖ್ಯೆಗಳನ್ನು ತನ್ನೊಳಗೇ ಬರೆದಿಟ್ಟುಕೊಂಡಿರುತ್ತದೆ. ‘ಡೆಪ್‌ಮಾಡ್’ ಅನ್ನುವ ಕಮಾಂಡ್ ಅವನ್ನೆಲ್ಲ ಗುಡ್ಡೆ ಹಾಕಿ ‘ಮಾಡ್ಯೂಲ್ಸ್ ಡಾಟ್ ಅಲಿಯಾಸ್’ ಅನ್ನುವ ಪಟ್ಟಿ ಮಾಡಿಟ್ಟಿರುತ್ತದೆ. ಯೂಡೆವ್ ಆ ಪಟ್ಟಿಯ ಪ್ರಕಾರ ಮಾಡ್ಯೂಲ್, ಅಂದರೆ ಬೇಕಾದಾಗ ಕರ್ನಲ್‌ಗೆ ಸೇರಿಸುವ ಡ್ರೈವರ್ ಫೈಲ್, ಲೋಡ್ ಮಾಡಿಸುತ್ತದೆ. ಊಹೆಯ ಮಾತೇ ಇಲ್ಲ. ಸಂಖ್ಯೆ ಪಟ್ಟಿಯಲ್ಲಿ ಇಲ್ಲದಿದ್ದರೆ ಸಿಸ್ಟಮ್ ಸುಮ್ನೆ ಇದ್ದುಬಿಡುತ್ತದೆ, ಎರರ್ ಕೂಡ ಬರುವುದಿಲ್ಲ.

ಡಾಂಗಲ್ ಕಿತ್ತು ಮತ್ತೆ ಹಾಕಿ. ಲೋಡ್ ಆದ ಮಾಡ್ಯೂಲ್ ತೋರಿಸುವ ‘ಎಲ್‌ಎಸ್‌ಮಾಡ್’ ಕಮಾಂಡ್‌ನಲ್ಲಿ ಹೊಸದು ಬಂತಾ ನೋಡಿ. ಕರ್ನಲ್ ಸಂದೇಶ ತೋರಿಸುವ ‘ಡಿಮೆಸೆಜ್’ ಕಮಾಂಡ್‌ನ ಕೊನೆಯ ಸಾಲುಗಳನ್ನು ಇಲ್ಲಿ ಹಾಕಿ. ಎಲ್ಲೋ ಸಿಕ್ಕಿದ ಡ್ರೈವರ್ ತಂದು ಕಂಪೈಲ್ ಮಾಡಲು ಮಾತ್ರ ಈಗಲೇ ಹೋಗಬೇಡಿ.

ಪ್ರಶ್ನೆ: ಮಾಡ್ಯೂಲ್ ಬಂದಿದೆ ಸರ್. ಆದರೆ ಡಿಮೆಸೆಜ್‌ನಲ್ಲಿ ಫರ್ಮ್‌ವೇರ್ ಲೋಡ್ ಆಗಲಿಲ್ಲ, ಎರರ್ -2 ಅಂತ ಇದೆ.

ಉತ್ತರ: ಹಾಗಾದರೆ ಡ್ರೈವರ್ ಸರಿಯಾಗಿಯೇ ಸಿಕ್ಕಿದೆ. -2 ಅಂದರೆ ‘ಆ ಹೆಸರಿನ ಫೈಲ್ ಇಲ್ಲ’. ಡ್ರೈವರ್ ಓಡುವುದು ನಿಮ್ಮ ಪ್ರೊಸೆಸರ್‌ನಲ್ಲಿ, ಫರ್ಮ್‌ವೇರ್ ಓಡುವುದು ಡಾಂಗಲ್‌ನ ಚಿಪ್ ಒಳಗೆ. ಎರಡೂ ಬೇರೆ ಬೇರೆ, ಅಲ್ವಾ? ಡ್ರೈವರ್ ಆ ಫೈಲನ್ನು ‘ಲಿಬ್’ ಒಳಗಿನ ‘ಫರ್ಮ್‌ವೇರ್’ ಫೋಲ್ಡರ್‌ನಲ್ಲಿ ಹುಡುಕಿದೆ, ಸಿಗದೆ ಕೈಬಿಟ್ಟಿದೆ. ಯಾವ ಫೈಲ್ ಬೇಕು ಅನ್ನುವುದು ಅದೇ ಸಾಲಿನಲ್ಲಿದೆ. ನಿಮ್ಮ ಡಿಸ್ಟ್ರೋದ (ನೀವು ಬಳಸುವ ಲಿನಕ್ಸ್ ಬಗೆಯ) ಫರ್ಮ್‌ವೇರ್ ಪ್ಯಾಕೇಜ್ ಹಾಕಿ, ಡಾಂಗಲ್ ಕಿತ್ತು ಮತ್ತೆ ಚುಚ್ಚಿ. ಇಂಥ ಫೈಲ್‌ಗಳಲ್ಲಿ ಬಹಳಷ್ಟು ಮುಕ್ತ ಲೈಸೆನ್ಸ್‌ನವಲ್ಲ. ಅದಕ್ಕೇ ಕೆಲವು ಡಿಸ್ಟ್ರೋಗಳು ಬೇರೆ ಇಟ್ಟಿರುತ್ತವೆ. ಡೆಬಿಯನ್ ಅನ್ನುವ ಡಿಸ್ಟ್ರೋ ತನ್ನ ಅಧಿಕೃತ ಇನ್‌ಸ್ಟಾಲರ್‌ಗೆ ಇವನ್ನು ಸೇರಿಸಿದ್ದು 2023ರಲ್ಲಿ, 12ನೇ ಆವೃತ್ತಿಗೆ.

ಪ್ರಶ್ನೆ: ಬಂತು ಸರ್! ರೀಬೂಟ್ ಕೂಡ ಬೇಕಾಗಲಿಲ್ಲ. ಲಿನಕ್ಸ್ ಅಲ್ಲದ ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್‌ನಲ್ಲೂ ಹೀಗೇನಾ?

ಉತ್ತರ: ಸಂತೋಷ. ಅಲ್ಲೂ ದಾರಿ ಹೆಚ್ಚುಕಡಿಮೆ ಇದೇ. ಡಿವೈಸ್ ಬಂದ ಸುದ್ದಿ ಹಿಡಿಯುವುದು ‘ಡೆವ್‌ಡಿ’, ಸಂಖ್ಯೆಗೆ ಮಾಡ್ಯೂಲ್ ಹೊಂದಿಸುವುದು ‘ಡೆವ್‌ಮ್ಯಾಚ್’. ಡೆವ್‌ಮ್ಯಾಚ್ ಬಂದದ್ದು 2018ರ 12.0 ಆವೃತ್ತಿಯಲ್ಲಿ. ಅದರ ಬಳಗದ ಓಪನ್‌ಬಿಎಸ್‌ಡಿ ಮಾತ್ರ ಬೇರೆ. ಅಲ್ಲಿ ಡ್ರೈವರ್‌ಗಳು ಕರ್ನಲ್ ಒಳಗೇ ಇರುತ್ತವೆ, ಲೋಡ್ ಮಾಡುವ ಪ್ರಶ್ನೆಯೇ ಇಲ್ಲ. ಹೊರಗಿಂದ ತರಬೇಕಾದ ಫರ್ಮ್‌ವೇರ್‌ಗೆ ‘ಎಫ್‌ಡಬ್ಲ್ಯೂ ಅಪ್‌ಡೇಟ್’ ಕಮಾಂಡ್ ಇದೆ.